ಸ್ಪೀಡ್ ಮೀಟರ್ ಸರಿ ಇದೆಯಾ ಅಂತ ನೋಡೋಕೆ ಯಾವುದು ಒಳ್ಳೇದು: ಮೊಬೈಲ್ ಜಿಪಿಎಸ್ಸಾ, ಡಾಂಗಲ್ಲಾ, ಕಿಲೋಮೀಟರ್ ಕಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ಮೊಬೈಲಿನ ಜಿಪಿಎಸ್ ಸಾಕು. ಈ ಕೆಲಸಕ್ಕೆ ಅಂತ ದುಡ್ಡು ಹಾಕಬೇಡಿ. ನಾನು ಎಂಟುನೂರು ರೂಪಾಯಿ ಕೊಟ್ಟು ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಅಂಕಿ ಓದಿ ಮೊಬೈಲಿಗೆ ಕಳಿಸುವ ಸಣ್ಣ ಸಾಮಾನು) ತರಿಸಿದೆ, ಅದು ಇದಕ್ಕೆ ಉಪಯೋಗಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನು ಮಾರುವವರು ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ತೋಟ ಇರುವುದು ತೀರ್ಥಹಳ್ಳಿ ಕಡೆ. ಮಳೆಗಾಲ ಬಂತೆಂದರೆ ಗೇಟಿನಿಂದ ಮನೆವರೆಗಿನ ಮಣ್ಣುರಸ್ತೆಯಲ್ಲಿ ಜೀಪಿನ ಅಡಿ ತಾಗುತ್ತದೆ. ಟೈರುಗಳು ಹೇಗೂ ಸವೆದಿದ್ದವು. ಹಾಗಾಗಿ 215/75 ಆರ್15 ಅಳತೆಯದ್ದು ತೆಗೆಸಿ ಅದಕ್ಕಿಂತ ಎತ್ತರದ 235/75 ಆರ್15 ಹಾಕಿಸಿದೆ. ಟೈರ್ ಅಂಗಡಿಯಲ್ಲಿ ಕೇಳಿದರೆ, "ಮೀಟರಿಗೆ ಏನೂ ಆಗಲ್ಲ ಸಾರ್, ಈ ಕಡೆ ಎಲ್ರೂ ಇದನ್ನೇ ಹಾಕಿಸ್ತಾರೆ" ಅಂದರು. ಎಲ್ಲರೂ ಹಾಕಿಸುವುದು ನಿಜ, ಮೀಟರಿಗೆ ಏನೂ ಆಗಲ್ಲ ಅನ್ನೋದು ನಿಜ ಅಲ್ಲ. ಹಳೇ ಅಳತೆಯ ಟೈರು ಹೊಸದಿದ್ದಾಗ ಅದರ ಎತ್ತರ ಸುಮಾರು 703 ಮಿಲಿಮೀಟರ್. ಈಗಿನದು 733. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಮೊದಲಿಗಿಂತ ಶೇಕಡಾ 4ರಷ್ಟು ಜಾಸ್ತಿ ಮುಂದೆ ಹೋಗುತ್ತದೆ. ಮೀಟರಿಗೆ ಇದು ಹೇಗೆ ಗೊತ್ತಾಗಬೇಕು? ಅದು ಸುತ್ತು ಎಣಿಸುತ್ತದೆ ಅಷ್ಟೇ. ಸವೆದ ಟೈರಿನಿಂದ ಹೊಸದಕ್ಕೆ ಹೋದರೆ ವ್ಯತ್ಯಾಸ ಇನ್ನೂ ಸ್ವಲ್ಪ ಜಾಸ್ತಿ. ಹೊಸ ಟೈರಿನ ಮೇಲಿನ ಗೀರು ಸುಮಾರು 8 ಮಿಲಿಮೀಟರ್ ಆಳ ಇದ್ದರೆ, ಪೂರ್ತಿ ಸವೆಯುವ ಹೊತ್ತಿಗೆ ಟೈರಿನ ಎತ್ತರವೇ ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿದಿರುತ್ತದೆ.

ಇನ್ನೊಂದು ವಿಷಯ. ಕಂಪನಿಯಿಂದ ಬರುವಾಗಲೇ ಮೀಟರು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ. ಯುರೋಪಿನಲ್ಲಿ ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ, ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ಅದಕ್ಕೂ ಮಿತಿ ಇದೆ: ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ. ಅಂದರೆ ಗಾಡಿ ನಿಜಕ್ಕೂ 80ರಲ್ಲಿ ಹೋಗುತ್ತಿದ್ದರೆ ಮುಳ್ಳು 92ರವರೆಗೆ ತೋರಿಸಿದರೂ ತಪ್ಪಿಲ್ಲ. ದೊಡ್ಡ ಟೈರ್ ಹಾಕಿದರೆ ಈ ಸುರಕ್ಷತೆಯ ಅಂತರ ಕರಗುತ್ತದೆ. ಪೂರ್ತಿ ಕರಗಿ ಮೀಟರು ಕಡಿಮೆ ತೋರಿಸೋಕೆ ಶುರುವಾದರೆ ಕಷ್ಟ. ಬೆಂಗಳೂರು–ಮೈಸೂರು ಹೈವೇಯಲ್ಲಿ ಮಿತಿ 100, ಮೇಲೆ ಕ್ಯಾಮೆರಾ. ಕಾರು ಜೀಪಿಗೆ ಅತಿವೇಗದ ದಂಡ ಕಾಯ್ದೆಯಲ್ಲಿ 1,000ದಿಂದ 2,000 ರೂಪಾಯಿ. "ನನ್ನ ಮೀಟರಲ್ಲಿ 98 ಇತ್ತು" ಅಂದರೆ ಯಾರು ಕೇಳುತ್ತಾರೆ?

ಈಗ ಡಾಂಗಲ್. ಟೈರ್ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಹೋಲಿಸಬೇಕು ಅಂತ ಮುಂಚೆಯೇ ತರಿಸಿಟ್ಟುಕೊಂಡಿದ್ದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಬೇಕು, ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಪ್ಲಾಸ್ಟಿಕ್, ಒಳಗೆ ಕೆಂಪು ದೀಪ. ನಮ್ಮ ಜೀಪಿನಲ್ಲಿ ಸಾಕೆಟ್ ಇರುವ ಜಾಗ ಎಂಥದ್ದು ಅಂದರೆ, ಕ್ಲಚ್ ಬಿಟ್ಟು ಕಾಲು ಎತ್ತಿದಾಗೆಲ್ಲ ಮೊಣಕಾಲು ಡಾಂಗಲ್ಲಿಗೆ ಬಡಿಯುತ್ತದೆ. ಬಡಿದರೆ ಅಲ್ಲಾಡುತ್ತದೆ, ಅಲ್ಲಾಡಿದರೆ ಕನೆಕ್ಷನ್ ಹೋಗುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಆ್ಯಪ್ ಮುಚ್ಚಿ, ಮತ್ತೆ ತೆಗೆದು, ದೀಪ ಮಿನುಗುವವರೆಗೆ ಕಾಯಬೇಕು. ಗಾಜನೂರಿನ ಹತ್ತಿರ ಹೀಗೆ ನಿಲ್ಲಿಸಿಕೊಂಡಿದ್ದಾಗ ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದು ಹೋದ. ಅಗಲ ಇಲ್ಲದ ರಸ್ತೆ, ಅವನದ್ದೇನೂ ತಪ್ಪಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಅಂಕಿ ಸರಿ ಇದ್ದಿದ್ದರೆ. ಹಳೇ ಟೈರಿನಲ್ಲಿ ಮುಳ್ಳು 80ರಲ್ಲಿದ್ದಾಗ ಡಾಂಗಲ್ 76 ತೋರಿಸಿತು, ಜಿಪಿಎಸ್ 75. ಭೇಷ್, ಕೆಲಸ ಮಾಡುತ್ತದೆ ಅನ್ನಿಸಿತು. ಟೈರ್ ಬದಲಿಸಿದ ಮೇಲೆ ಮುಳ್ಳು 80, ಜಿಪಿಎಸ್ 79. ಡಾಂಗಲ್? ಅದೇ 76. ಹೊಸ ಟೈರು ಹಾಕಿರುವುದೇ ಅದಕ್ಕೆ ಗೊತ್ತಿಲ್ಲ!

ಕಾರಣ ಸರಳ. ಡಾಂಗಲ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಗಾಡಿಯ ಕಂಪ್ಯೂಟರಿನಲ್ಲಿ ಇರುವ ಅಂಕಿಯನ್ನು ಓದಿ ಹೇಳುತ್ತದೆ. ಆ ಕಂಪ್ಯೂಟರು ಸೆನ್ಸರಿನಿಂದ ಸುತ್ತಿನ ಲೆಕ್ಕ ತೆಗೆದುಕೊಂಡು, ಕಂಪನಿ ಹಾಕಿದ ಟೈರಿನ ಅಳತೆಯಿಂದ ಗುಣಿಸುತ್ತದೆ. ಟೈರು ಬದಲಾದರೆ ಗುಣಿಸುವ ಅಂಕಿಯೇ ತಪ್ಪು. ಮುಳ್ಳಿಗೆ ಕಂಪನಿಯವರು ಸೇರಿಸಿದ, 80ಕ್ಕೂ 76ಕ್ಕೂ ನಡುವಿನ ಆ ನಾಲ್ಕು ಕಿಲೋಮೀಟರ್ ಮಾತ್ರ ಡಾಂಗಲ್ಲಿನ ಅಂಕಿಯಲ್ಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ತಪ್ಪು ತಕ್ಕಡಿಯನ್ನು ಅದೇ ತಕ್ಕಡಿಯ ಬೊಟ್ಟಿನಿಂದ ಪರೀಕ್ಷೆ ಮಾಡಿದ ಹಾಗೆ ಆಯಿತು.

ಆ್ಯಪಿನಲ್ಲಿ ವೇಗ ತಿದ್ದಿಕೊಳ್ಳುವ ಸೆಟ್ಟಿಂಗ್ ಇದೆ ಅಂತ ನನ್ನ ತಮ್ಮ ತೋರಿಸಿದ. ಇದೆ, ನಿಜ. ಆದರೆ ಎಷ್ಟು ತಿದ್ದಬೇಕು ಅಂತ ತಿಳಿಯೋಕೆ ನಿಜವಾದ ವೇಗ ಬೇಕಲ್ವಾ? ಅದಕ್ಕೆ ಮತ್ತೆ ಜಿಪಿಎಸ್ಸೇ ಬೇಕು. ಅದೇ ಆ್ಯಪಿನಲ್ಲಿ ಜಿಪಿಎಸ್ ವೇಗ ತೋರಿಸುವ ಇನ್ನೊಂದು ಡಯಲ್ ಕೂಡ ಇದೆ. ಅದಕ್ಕೆ ಡಾಂಗಲ್ ಬೇಕಾಗೇ ಇಲ್ಲ.

ಜಿಪಿಎಸ್ ಬಗ್ಗೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ನೆಟ್‌ವರ್ಕ್ ಇಲ್ಲದ ಕಡೆ ಅದು ನಡೆಯಲ್ಲ ಅಂತ. ಮ್ಯಾಪಿನ ಚಿತ್ರ ಇಳಿಯೋಕೆ ನೆಟ್‌ವರ್ಕ್ ಬೇಕು, ವೇಗ ತಿಳಿಯೋಕೆ ಬೇಡ. ಉಪಗ್ರಹದ ಸಿಗ್ನಲ್ ಮೊಬೈಲಿಗೆ ನೇರವಾಗಿ ಬರುತ್ತದೆ. ನೆಟ್ ಇಲ್ಲದಿದ್ದರೆ ಮೊದಲ ಸಲ ಹಿಡಿಯೋಕೆ ಸ್ವಲ್ಪ ತಡ ಆಗಬಹುದು. ಅದಕ್ಕೇ ಮನೆ ಬಿಡುವಾಗಲೇ ಆ್ಯಪ್ ಹಾಕಿಡುತ್ತೇನೆ.

ಮಲೆನಾಡಿನಲ್ಲಿ ನಿಜವಾದ ತೊಂದರೆ ಮರ. ನಾನು ಬಳಸುವ ಆ್ಯಪಿನಲ್ಲಿ ವೇಗದ ಕೆಳಗೆ ಸಣ್ಣ ಅಕ್ಷರದಲ್ಲಿ ಎಷ್ಟು ಮೀಟರ್ ನಿಖರ ಅಂತ ಬರುತ್ತದೆ. ಬಯಲಲ್ಲಿ ಅದು 3, 4. ಸಕ್ಕರೆಬೈಲು ದಾಟಿ ಮಂಡಗದ್ದೆ ಕಡೆ ಮರದ ಅಡಿ ನುಗ್ಗಿದ ಕೂಡಲೇ 15, 20ಕ್ಕೆ ಏರುತ್ತದೆ, ವೇಗದ ಅಂಕಿಯೂ ಕುಣಿಯುತ್ತದೆ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಅಂಕಿ ಒಂದು ಕ್ಷಣ ಹಿಂದೆ ಬೀಳುತ್ತದೆ. ಹಾಗಾಗಿ ತೀರ್ಥಹಳ್ಳಿ ರಸ್ತೆ ಬೇಡ, ಆಗುಂಬೆ ಘಾಟಿಯಂತೂ ಬೇಡವೇ ಬೇಡ. ಹದಿನಾಲ್ಕು ತಿರುವಿನಲ್ಲಿ ಯಾವ ವೇಗ ಹಿಡಿದು ನಿಲ್ಲಿಸುತ್ತೀರಿ? ನಾನು ಭದ್ರಾವತಿ ಕಡೆ ಹೋಗುತ್ತೇನೆ. ಬೆಳಿಗ್ಗೆ ಬೇಗ ಹೋದರೆ ನೇರ, ಸಮತಟ್ಟು, ಮೇಲೆ ಆಕಾಶ ಕಾಣುವ ರಸ್ತೆ ಸಿಗುತ್ತದೆ. ಮೊಬೈಲನ್ನು ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಹತ್ತಿರ ಇಡಿ. ಮುಳ್ಳನ್ನು 60ರಲ್ಲಿ ಅಲ್ಲಾಡದ ಹಾಗೆ ಹಿಡಿದು ಹತ್ತು ಸೆಕೆಂಡು ಬಿಟ್ಟು ಅಂಕಿ ನೋಡಿ, ಆಮೇಲೆ 80ರಲ್ಲಿ. ನೋಡುವುದು ಪಕ್ಕದಲ್ಲಿ ಕೂತವರ ಕೆಲಸ, ಡ್ರೈವರಿನದ್ದಲ್ಲ. ಹೀಗೆ ಒಂದೇ ವೇಗದಲ್ಲಿ ಹೋಗುವಾಗ ಜಿಪಿಎಸ್ ವೇಗ ಒಂದು ಕಿಲೋಮೀಟರಿನ ಒಳಗೇ ಇರುತ್ತದೆ. ನಮಗೆ ಅದಕ್ಕಿಂತ ಬೇಕಾಗಿಲ್ಲ.

ಗೂಗಲ್ ಮ್ಯಾಪ್ಸಿನಲ್ಲಿ ದಾರಿ ಹಾಕಿದಾಗ ಮೂಲೆಯಲ್ಲಿ ಬರುವ ವೇಗವೂ ಇದೇ ಜಿಪಿಎಸ್. ಬೇರೆ ಆ್ಯಪ್ ಬೇಡ ಅನ್ನುವವರಿಗೆ ಅದೇ ಸಾಕು.

ಗಾಜಿನ ಮೇಲೆ ವೇಗ ಮೂಡಿಸುವ ಹೆಡ್-ಅಪ್ ಡಿಸ್‌ಪ್ಲೇ ಗೆಳೆಯರೊಬ್ಬರ ಕಾರಿನಲ್ಲಿ ನೋಡಿದೆ. ರಾತ್ರಿ ಚೆಂದ, ಮಧ್ಯಾಹ್ನದ ಬಿಸಿಲಲ್ಲಿ ಕಾಣಲ್ಲ.

ಕಿಲೋಮೀಟರ್ ಕಲ್ಲು ಹಳೇ ಉಪಾಯ, ನನಗೆ ಅದರ ಮೇಲೆ ಪ್ರೀತಿ ಇದೆ. ರಾಷ್ಟ್ರೀಯ ಹೆದ್ದಾರಿಯ ಹಳದಿ ತಲೆಯ ಕಲ್ಲು ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಸೆಕೆಂಡು ಬೇಕಾಯಿತು ಅಂತ ಸ್ಟಾಪ್‌ವಾಚಿನಲ್ಲಿ ನೋಡಿ, 3,600ನ್ನು ಅದರಿಂದ ಭಾಗಿಸಿದರೆ ವೇಗ ಸಿಗುತ್ತದೆ. 60 ಸೆಕೆಂಡಾದರೆ 60, 45 ಆದರೆ 80. ಆದರೆ 80ರಲ್ಲಿ ಒಂದು ಸೆಕೆಂಡು ಆಚೀಚೆ ಒತ್ತಿದರೂ ಹೆಚ್ಚುಕಡಿಮೆ 2 ಕಿ.ಮೀ. ತಪ್ಪಾಗುತ್ತದೆ. ನಾಲ್ಕೈದು ಕಲ್ಲು ಒಟ್ಟಿಗೆ ಹಿಡಿದರೆ ತಪ್ಪು ಕಡಿಮೆ, ಆದರೆ ಅಷ್ಟು ದೂರ ಒಂದೇ ವೇಗ ಎಲ್ಲಿ ಸಿಗಬೇಕು? ನಡುವೆ ಒಂದು ಊರು, ಒಂದು ಹಂಪು ಇದ್ದೇ ಇರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಕಲ್ಲುಗಳು ಪೊದೆಯೊಳಗೆ. ರಸ್ತೆ ಅಗಲ ಮಾಡಿದ ಕಡೆ ಕಲ್ಲು ಮೊದಲಿನ ಜಾಗದಲ್ಲಿದೆ ಅಂತಲೂ ನಂಬೋಕಾಗಲ್ಲ.

ವೇಗಕ್ಕಿಂತ ದೂರದ ಮೀಟರ್ ನೋಡೋಕೆ ಈ ಕಲ್ಲುಗಳು ಒಳ್ಳೇದು. ಇದನ್ನು ತುಂಬಾ ಜನ ಯೋಚಿಸುವುದೇ ಇಲ್ಲ. ದೊಡ್ಡ ಟೈರ್ ಹಾಕಿದ ಮೇಲೆ ಹತ್ತು ಕಲ್ಲು ದಾಟಿದರೆ ನಮ್ಮ ಟ್ರಿಪ್ ಮೀಟರ್ 9.6 ತೋರಿಸುತ್ತದೆ. ಮೈಲೇಜ್ ಬಿತ್ತು ಅಂತ ಟೈರಿಗೆ ಬೈಯುವವರು ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೀಟರಿನ ಪ್ರಕಾರ ಲೀಟರಿಗೆ 13 ಬಂದರೆ ನಿಜಕ್ಕೂ ಅದು ಹದಿಮೂರೂವರೆ.

ನನ್ನ ಓಡಾಟ ಅಂದರೆ ತೋಟ, ಶಿವಮೊಗ್ಗದ ಮಂಡಿ, ವರ್ಷಕ್ಕೆ ಕೆಲವು ಸಲ ಬೆಂಗಳೂರು. ಇಷ್ಟಕ್ಕೆ ಜೇಬಿನಲ್ಲಿರುವ ಮೊಬೈಲ್ ಬಿಟ್ಟು ಬೇರೇನೂ ಬೇಡ. ಟೈರ್ ಬದಲಿಸಿದಾಗ ಒಮ್ಮೆ, ಅರ್ಧ ಸವೆದಾಗ ಒಮ್ಮೆ ನೋಡಿಕೊಂಡರೆ ಮುಗಿಯಿತು. 2019ರ ಜುಲೈ ನಂತರದ ಕಾರುಗಳಲ್ಲಿ 80 ದಾಟಿದರೆ ಬೀಪ್ ಬರುತ್ತದಲ್ಲ, ಮೊದಲು ನನ್ನ ಜೀಪಿನಲ್ಲಿ ಅದು ನಿಜವಾದ 75ಕ್ಕೇ ಕೂಗುತ್ತಿತ್ತು. ಈಗ 79ಕ್ಕೆ ಕೂಗುತ್ತದೆ, ಹಾಗಾಗಿ ಮುಳ್ಳಿನಲ್ಲಿ ಎರಡು ಮೂರು ಕಿಲೋಮೀಟರ್ ಜಾಸ್ತಿ ಹೋದರೂ ನಡೆಯುತ್ತೆ ಅನ್ನುವ ಹಳೇ ಲೆಕ್ಕ ಬಿಟ್ಟಿದ್ದೇನೆ. ಡಾಂಗಲ್ಲನ್ನು ತಮ್ಮನಿಗೆ ಕೊಟ್ಟೆ. ಎಂಜಿನ್ ದೀಪ ಹತ್ತಿದಾಗ ಕೋಡ್ ಓದೋಕೆ ಅದು ಒಳ್ಳೇ ಸಾಮಾನು. ಕೆಲಸ ಮುಗಿದ ಕೂಡಲೇ ಕಿತ್ತಿಡು ಅಂತ ಹೇಳಿದ್ದೇನೆ, ವಾರಗಟ್ಟಲೆ ಗಾಡಿ ನಿಂತರೆ ಬ್ಯಾಟರಿ ಇಳಿಸುತ್ತದೆ.