ಎರಡು ರಾಜ್ಯ, ಒಂದೇ ವರ್ಷ: ಟ್ಯಾಕ್ಸ್ ಲೆಕ್ಕ ಮೂರು ಥರ ಮಾಡಿ ನೋಡಿದೆ

2024ರ ಆಗಸ್ಟ್ 20ಕ್ಕೆ ಕ್ಯಾಲಿಫೋರ್ನಿಯಾ ಬಿಟ್ಟು ನ್ಯೂಜೆರ್ಸಿಯ ಎಡಿಸನ್‌ಗೆ ಬಂದೆವು. ನಾನು, ಹೆಂಡತಿ, ಮಗಳು. ಮುಂದಿನ ಮಾರ್ಚ್‌ನಲ್ಲಿ ಟ್ಯಾಕ್ಸ್ ಕೆಲಸಕ್ಕೆ ಕೂತೆ. ಎರಡೂ ರಾಜ್ಯಗಳಿಗೆ ಪಾರ್ಟ್ ಇಯರ್ ರಿಟರ್ನ್ (ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಆ ರಾಜ್ಯದಲ್ಲಿ ಇದ್ದವರ ತೆರಿಗೆ ಲೆಕ್ಕ) ಹಾಕಬೇಕು, ಡಿಡಕ್ಷನ್ (ತೆರಿಗೆಗೆ ಮೊದಲು ಆದಾಯದಿಂದ ಕಳೆಯುವ ಮೊತ್ತ) ಲೆಕ್ಕ ಮಾತ್ರ ಎರಡು ಕಡೆ ಎರಡು ಥರ. ಸಾಫ್ಟ್‌ವೇರ್, ಕಾಗದ-ಪೆನ್ನು, ಸಿಪಿಎ (ತೆರಿಗೆ ಲೆಕ್ಕ ಮಾಡಿಕೊಡುವ ಲೆಕ್ಕಪರಿಶೋಧಕರು), ಮೂರನ್ನೂ ನೋಡೇಬಿಡೋಣ ಅಂತ ಹಟ ಹಿಡಿದೆ.

ಸಾಫ್ಟ್‌ವೇರ್‌ನಲ್ಲಿ ಒಂದೇ ಸಂಜೆಗೆ ಮುಗಿಯಿತು. ಆದರೆ ಅದು ಸಂಬಳವನ್ನು ದಿನದ ಲೆಕ್ಕದಲ್ಲಿ ಹಂಚಿತ್ತು: 366ರಲ್ಲಿ 232 ದಿನ, ಅಂದರೆ ಸುಮಾರು 63% ಕ್ಯಾಲಿಫೋರ್ನಿಯಾಕ್ಕೆ. ನನ್ನ ಬೋನಸ್ ಬಂದಿದ್ದು ಮಾರ್ಚ್‌ನಲ್ಲಿ, ಅಲ್ಲಿದ್ದಾಗಲೇ. ಪೇ ಸ್ಲಿಪ್‌ಗಳನ್ನು ಕೂಡಿಸಿದರೆ ಆ ಪಾಲು 70% ಬಂತು. ತಿದ್ದಲು ಜಾಗ ಇತ್ತು, ಹುಡುಕಬೇಕಿತ್ತು ಅಷ್ಟೇ. ಸುಮ್ನೆ ನೆಕ್ಸ್ಟ್ ಒತ್ತುತ್ತಾ ಹೋಗಿದ್ದರೆ ತಪ್ಪು ಲೆಕ್ಕಕ್ಕೇ ಸಹಿ ಹಾಕುತ್ತಿದ್ದೆ.

ಕಾಗದ-ಪೆನ್ನಿಗೆ ಎರಡು ಭಾನುವಾರ ಹೋಯಿತು. ಆದರೆ ವಿಷಯ ತಲೆಗೆ ಹೋಗಿದ್ದು ಆಗಲೇ. ಕ್ಯಾಲಿಫೋರ್ನಿಯಾದ 540ಎನ್‌ಆರ್ ಫಾರ್ಮ್ ಇಡೀ ವರ್ಷದ ಆದಾಯ ನೋಡಿ ದರ ಕಟ್ಟುತ್ತದೆ, ಆಮೇಲೆ ತನ್ನ ಪಾಲು ಕೇಳುತ್ತದೆ. ಗಂಡ-ಹೆಂಡತಿ ಸೇರಿ ಹಾಕಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೊಡದೆ ಕಳೆಯಬಹುದಾದ ನಿಗದಿತ ಮೊತ್ತ, 2024ಕ್ಕೆ 11,080 ಡಾಲರ್ ಇತ್ತು. ಅದರ 70%, ಅಂದರೆ 7,756 ಡಾಲರ್ ಮಾತ್ರ ನಮಗೆ ಸಿಕ್ಕಿತು. ನ್ಯೂಜೆರ್ಸಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನೋದೇ ಇಲ್ಲ! ಅಲ್ಲಿರುವುದು ತಲೆಗಿಷ್ಟು ಅಂತ ವಿನಾಯಿತಿ. ನಮ್ಮಿಬ್ಬರಿಗೆ ಸಾವಿರ ಸಾವಿರ, ಮಗಳಿಗೆ 1,500. ಅದನ್ನೂ ವಾಸವಿದ್ದ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಬಾಡಿಗೆದಾರರಿಗೆ ಒಂದು ಸಮಾಧಾನ ಇದೆ: ಅಲ್ಲಿ ಕಟ್ಟಿದ ಬಾಡಿಗೆಯ 18% ಆಸ್ತಿ ತೆರಿಗೆ ಕಟ್ಟಿದಂತೆ ಎಣಿಸಿ ಕಳೆಯಬಹುದು. ತಿಂಗಳಿಗೆ 2,600 ಡಾಲರ್, ನಾಲ್ಕು ತಿಂಗಳಿಗೆ 10,400. ಹಾಗಾಗಿ 1,872 ಡಾಲರ್ ಕಳೆದೆ. ಕ್ಯಾಲಿಫೋರ್ನಿಯಾದ ಬಾಡಿಗೆ ಕ್ರೆಡಿಟ್‌ಗೆ (ಬಾಡಿಗೆದಾರರಿಗೆ ತೆರಿಗೆಯಲ್ಲೇ ಸಿಗುವ ಕಡಿತಕ್ಕೆ) ಆದಾಯದ ಮಿತಿ ಇದೆ, ನಾವು ಅದನ್ನು ದಾಟಿದ್ದೆವು.

ಸಿಪಿಎ 450 ಡಾಲರ್ ತೆಗೆದುಕೊಂಡರು. ನನ್ನ ಕೈಲೆಕ್ಕದಲ್ಲಿ ಎರಡು ತಪ್ಪು ಹಿಡಿದರು. ಮೊದಲನೆಯದು, ನ್ಯೂಜೆರ್ಸಿಯ ವಿನಾಯಿತಿಗೆ ಆಗಸ್ಟ್ ತಿಂಗಳನ್ನೂ ಎಣಿಸಿದ್ದೆ. ತಿಂಗಳಲ್ಲಿ 15 ದಿನವಾದರೂ ಇದ್ದರೆ ಮಾತ್ರ ಅದು ಲೆಕ್ಕಕ್ಕೆ, ನಾವಿದ್ದದ್ದು 12 ದಿನ. ತೆರಿಗೆಯಲ್ಲಿ ವ್ಯತ್ಯಾಸ 20 ಡಾಲರ್ ಕೂಡ ಇಲ್ಲ ಬಿಡಿ. ಎರಡನೆಯದು, ಚಿಕಿತ್ಸೆ ಖರ್ಚಿಗೆ ಅಂತ ದುಡ್ಡು ಕೂಡಿಡುವ ಖಾತೆಯಾದ ಎಚ್‌ಎಸ್‌ಎ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ತೆರಿಗೆಯಲ್ಲಿ ಅದಕ್ಕೆ ಹಾಕಿದ ದುಡ್ಡಿಗೆ ತೆರಿಗೆ ಇಲ್ಲ, ಈ ಎರಡು ರಾಜ್ಯಗಳು ಮಾತ್ರ ಅದನ್ನು ಒಪ್ಪೋದಿಲ್ಲ. ನಾನು ಎರಡೂ ಕಡೆ ಕಳೆದು ಕೂತಿದ್ದೆ. ಸಾಫ್ಟ್‌ವೇರ್ ಇದನ್ನು ಸರಿಯಾಗೇ ಮಾಡಿತ್ತು, ಪಾಪ.

ತಮಾಷೆ ಅಂದರೆ, ಸಂಬಳ ಯಾವ ರಾಜ್ಯದಲ್ಲಿ ಎಷ್ಟು ಅನ್ನೋ ಪಟ್ಟಿಯನ್ನು ನೀವೇ ಮಾಡಿ ಕಳಿಸಿ ಅಂದರು ಸಿಪಿಎ! ಅದೇ ತಾನೇ ನಿಜವಾದ ಕೆಲಸ?

ಕೊನೆಗೆ ರಿಟರ್ನ್ ಹಾಕಿದ್ದು ಸಾಫ್ಟ್‌ವೇರ್‌ನಲ್ಲೇ, ನನ್ನ ಪೇ ಸ್ಲಿಪ್ ಪಟ್ಟಿಯ ಅಂಕಿಗಳನ್ನು ತುಂಬಿ. ಇನ್ನೊಮ್ಮೆ ರಾಜ್ಯ ಬದಲಾಯಿಸಿದರೂ ಹಾಗೇ ಮಾಡುತ್ತೇನೆ. ಕಂಪನಿ ಷೇರು ಸಿಗುವವರಾದರೆ ಸಿಪಿಎ ಹತ್ತಿರ ಹೋಗಿ. ಷೇರು ಘೋಷಿಸಿದ ದಿನದಿಂದ ಕೈಗೆ ಬರುವ ದಿನದವರೆಗೆ ನೀವು ಕ್ಯಾಲಿಫೋರ್ನಿಯಾದಲ್ಲಿ ದುಡಿದ ದಿನಗಳನ್ನು ಎಣಿಸಿ, ಬಿಟ್ಟು ಬಂದ ಮೇಲೂ ಆ ರಾಜ್ಯ ತನ್ನ ಪಾಲು ಕೇಳುತ್ತದೆ.