ಎಂಎಸ್ ಇರೋರಿಗೆ ಈ ಸ್ಕ್ಯಾನ್ ಸೆಂಟರ್ ಹೇಗೆ: ಮೆಷಿನ್‌ಗೆ 5ಕ್ಕೆ 4.5, ರಿಪೋರ್ಟ್‌ಗೆ 2

ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದ್ರೆ ಮೆದುಳು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗೋ ಕಾಯಿಲೆ, ಆಗಾಗ ಮೆದುಳಿನ ಎಂಆರ್‌ಐ ಮಾಡಿಸ್ತಾನೇ ಇರ್ಬೇಕು, ಈ ಸಲ ಹತ್ರ ಆಗತ್ತೆ ಅಂತ ನಮ್ಮ ಏರಿಯಾದ ಹೊಸ ಸೆಂಟರ್‌ಗೆ ಹೋಗಿದ್ವಿ. ಹೆಸರು ಹಾಕಲ್ಲ, ಯಾಕಂದ್ರೆ ಇದೇ ತರ ಇನ್ನೂ ಎಷ್ಟೋ ಇವೆ.

ಒಳ್ಳೇದು ಮೊದ್ಲು. 3 ಟೆಸ್ಲಾ ಮೆಷಿನ್ (ಮ್ಯಾಗ್ನೆಟ್ ಶಕ್ತಿ ಜಾಸ್ತಿ ಇರೋದು), ವೀಲ್‌ಚೇರ್‌ಗೆ ರ‍್ಯಾಂಪ್ ಇದೆ, ಟೆಕ್ನಿಷಿಯನ್ ಹುಡ್ಗಿ ತುಂಬಾ ಸಮಾಧಾನ. ಎಸಿ ಚೆನ್ನಾಗಿದೆ, ಸೆಕೆ ಆದ್ರೆ ಎಂಎಸ್ ಇರೋರಿಗೆ ಕಣ್ಣು ಮಂಜಾಗೋದು ಕಾಲು ಸೋಲೋದು ಜಾಸ್ತಿ ಆಗತ್ತಲ್ಲ, ಅದಕ್ಕೇ ಹೇಳಿದ್ದು.

ರಿಪೋರ್ಟ್ ಮಾತ್ರ ಬೇಜಾರು. ಬಿಳಿ ಚುಕ್ಕೆ ಹಲವಾರು ಇವೆ, ಡಿಮೈಲಿನೇಷನ್ (ಮೈಲಿನ್ ಅನ್ನೋ ಆ ನರದ ಹೊದಿಕೆ ಕಿತ್ತುಹೋಗೋದು) ಇರಬಹುದು, ಅಷ್ಟೇ! ಹಳೇ ಸಿಡಿ ಕೈಗೆ ಕೊಟ್ಟಿದ್ರೂ ಹೋಲಿಸಿಲ್ಲ, ಹೊಸದು ಯಾವುದು ಹಳೇದು ಯಾವುದು ಅಂತ ಒಂದಕ್ಷರ ಇಲ್ಲ. ಅಮ್ಮ ಅದನ್ನ ಓದಿಸ್ಕೊಂಡು "ಹಲವಾರು ಅಂತ ಬರ್ದಿದಾರಲ್ಲೋ, ಇವ್ಳು ಇನ್ಮೇಲೆ ನಡಿಯೋದು ಹೆಂಗೋ" ಅಂತ ರಾತ್ರಿಯೆಲ್ಲಾ ನಿದ್ದೆ ಮಾಡ್ಲಿಲ್ಲ.

ಚುಕ್ಕೆ ಎಷ್ಟಿವೆ ಅನ್ನೋದಕ್ಕೂ ಮನುಷ್ಯ ಹೇಗೆ ನಡೀತಾನೆ ಅನ್ನೋದಕ್ಕೂ ಸಂಬಂಧ ತೀರಾ ಸಡಿಲ, ಡಾಕ್ಟ್ರುಗಳು ಇದಕ್ಕೆ ಕ್ಲಿನಿಕೋ ರೇಡಿಯಾಲಜಿಕಲ್ ಪ್ಯಾರಡಾಕ್ಸ್ ಅಂತಾನೇ ಹೆಸರಿಟ್ಟಿದಾರೆ. ಮೆದುಳಲ್ಲಿ ರಾಶಿ ಚುಕ್ಕೆ ಇಟ್ಕೊಂಡು ಆಫೀಸಿಗೆ ಹೋಗಿ ಬರೋರಿದಾರೆ, ಸ್ವಲ್ಪವೇ ಇದ್ದು ಕೋಲು ಹಿಡಿದೋರೂ ಇದಾರೆ. ಚುಕ್ಕೆ ಎಲ್ಲಿದೆ ಅನ್ನೋದು ಮುಖ್ಯ, ಬೆನ್ನುಹುರಿ ಕಿರುಬೆರಳಿನಷ್ಟೇ ದಪ್ಪ, ಕಾಲಿಗೆ ಹೋಗೋ ನರದ ದಾರಿಯೆಲ್ಲಾ ಅದ್ರಲ್ಲೇ, ಅಲ್ಲಿ ಒಂದು ಸಣ್ಣದಾದ್ರೂ ತೊಂದ್ರೆ ದೊಡ್ಡದು, ಆದ್ರೆ ಮೆದುಳಿನ ಸ್ಕ್ಯಾನಲ್ಲಿ ಬೆನ್ನುಹುರಿ ಪೂರ್ತಿ ಬರೋದೇ ಇಲ್ಲ. ಇನ್ನು ಚುಕ್ಕೆ ಬೆಳ್ಳಗೆ ಕಾಣೋ ಟಿ2 ಅನ್ನೋ ಎಂಆರ್‌ಐ ಚಿತ್ರದಲ್ಲಿ ಊತ ಆಗಿರೋದೂ ಬೆಳ್ಳಗೆ, ಮೈಲಿನ್ ಹೋಗಿರೋದೂ ಬೆಳ್ಳಗೆ, ನರವೇ ಸತ್ತಿರೋದೂ ಬೆಳ್ಳಗೆ, ಹಾಗಾಗಿ ಎಷ್ಟು ಹಾನಿ ಅಂತ ಬಣ್ಣ ನೋಡಿ ಹೇಳಕ್ಕಾಗಲ್ಲ. ಮೆದುಳಿನ ಹೊರಪದರದಲ್ಲಿ ಆಗೋ ಇಂಥ ಚುಕ್ಕೆ, ಅಂದ್ರೆ ಲೀಷನ್‌ಗಳಂತೂ ಮಾಮೂಲಿ ಸ್ಕ್ಯಾನಲ್ಲಿ ಬಹುಪಾಲು ಕಾಣಲ್ಲ.

ಆ ಕಡೆ ಅಂಗವೈಕಲ್ಯ ಅಳೆಯೋ ಇಡಿಎಸ್‌ಎಸ್ ಅನ್ನೋ ಸ್ಕೇಲೂ ಓರೆಯೇ. ಕರ್ಟ್ಸ್‌ಕೆ ಅನ್ನೋ ನ್ಯೂರಾಲಜಿಸ್ಟ್ 1983ರಲ್ಲಿ ಈಗಿನ ರೂಪ ಕೊಟ್ಟಿದ್ದು, 0ಯಿಂದ 10, ಅದ್ರಲ್ಲಿ 4 ದಾಟಿದ್ಮೇಲೆ ಹೆಚ್ಚೂಕಮ್ಮಿ ನಡಿಗೆಯದ್ದೇ ಲೆಕ್ಕ, 6 ಅಂದ್ರೆ ನೂರು ಮೀಟರ್ ನಡಿಯೋಕೆ ಕೋಲು ಬೇಕು. ತಂಗಿಗೆ ಕಾಟ ಕೊಡೋದು ಸುಸ್ತು ಮತ್ತೆ ಮರೆವು, ಅದಕ್ಕೆ ಅಲ್ಲಿ ಅಷ್ಟು ಬೆಲೆನೇ ಇಲ್ಲ.

ಹಾಗಂತ ಚುಕ್ಕೆ ಲೆಕ್ಕಕ್ಕಿಲ್ಲ ಅಂತಲ್ಲ. ರಿಲ್ಯಾಪ್ಸ್ (ಕಾಯಿಲೆ ಮತ್ತೆ ಕೆರಳೋದು) ಇಲ್ದೇನೂ ಸದ್ದಿಲ್ದೆ ಹೊಸ ಲೀಷನ್ ಬರ್ತಾ ಇರತ್ತೆ, ಔಷಧಿ ಕೆಲಸ ಮಾಡ್ತಿದೆಯಾ ಬದಲಾಯಿಸ್ಬೇಕಾ ಅನ್ನೋದು ಹೆಚ್ಚಾಗಿ ಅದ್ರಿಂದ ಗೊತ್ತಾಗೋದು. ಅದಕ್ಕೇ ಹೋಲಿಕೆ ಇಲ್ಲದ ರಿಪೋರ್ಟ್ ನಮ್ಗೆ ಅರ್ಧ ದುಡ್ಡು ದಂಡ. ಕೊನೆಗೆ ನ್ಯೂರಾಲಜಿಸ್ಟೇ ಎರಡೂ ಸಿಡಿ ಪಕ್ಕಪಕ್ಕ ಹಾಕಿ ನೋಡಿದ್ರು, ತಂಗೀನ ಕಾರಿಡಾರಲ್ಲಿ ನಡೆಸಿದ್ರು, ಹೊಸದೇನೂ ಇರ್ಲಿಲ್ಲ.

ಬುಕ್ ಮಾಡೋ ಮುಂಚೆ ಫೋನಲ್ಲೇ ಕೇಳಿ: ಹಳೇ ಸ್ಕ್ಯಾನ್ ಜೊತೆ ಹೋಲಿಸಿ ಬರೀತೀರಾ, ಕಾಂಟ್ರಾಸ್ಟ್ (ಸ್ಕ್ಯಾನ್ ಹೊತ್ತಲ್ಲಿ ಚುಚ್ಚೋ ಔಷಧಿ) ಹಿಡಿದಿರೋ ಲೀಷನ್, ನರ ಜಾಸ್ತಿ ಹಾಳಾಗಿ ಕಪ್ಪಾಗಿ ಕಾಣೋ ಬ್ಲ್ಯಾಕ್ ಹೋಲ್, ಬ್ರೈನ್‌ಸ್ಟೆಮ್ (ಮೆದುಳು ಬೆನ್ನುಹುರಿಗೆ ಸೇರೋ ಭಾಗ), ಮೆದುಳು ಕುಗ್ಗಿರೋದು ಇವೆಲ್ಲ ಇರತ್ತಾ ಅಂತ. ಆಗಬಹುದು ಅಂದ್ಮೇಲೆ ಪ್ರತಿಸಲ ಅದೇ ಮೆಷಿನ್‌ಗೇ ಹೋಗಿ, ಹೋಲಿಸೋಕೆ ಸುಲಭ. ನಾವು ಮುಂದಿನ ಸಲ ಹಳೇ ಸೆಂಟರ್‌ಗೇ ವಾಪಸ್, ಅಲ್ಲಿ ಪಾರ್ಕಿಂಗ್ ಸಿಗಲ್ಲ, ಆಟೋದಲ್ಲಿ ಹೋಗ್ತೀವಿ.