ಕಾಣದ ಸ್ಟಾಪರಿಗೂ ಲೆಕ್ಕ: ರೆವಿಟ್ ಜೊತೆ ಆರು ವರ್ಷ

ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾಡೆಲ್ ಆಗಿ ಕಟ್ಟುವ ತಂತ್ರಾಂಶವಾದ ರೆವಿಟ್‌ನಲ್ಲಿ ಗೋಡೆ ಎಬ್ಬಿಸುವುದು ಹೇಗೆ, ಮೆಟ್ಟಿಲು ಕೂರಿಸುವುದು ಹೇಗೆ, ಕಂಪ್ಯೂಟರಿಗೆ ಎಷ್ಟು ರ‍್ಯಾಮ್ ಬೇಕು ಅನ್ನುವುದೆಲ್ಲ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಬೇಕಾದಷ್ಟು ವೀಡಿಯೊಗಳಿವೆ. ಆರು ವರ್ಷ ಬಳಸಿದ ಮೇಲೂ ನನ್ನ ತಲೆ ತಿನ್ನುತ್ತಿರುವುದು ಒಂದು ಸಣ್ಣ ಚೌಕ. ಬಾಗಿಲು, ಕಿಟಕಿಯಂಥ ವಸ್ತುಗಳನ್ನು (ರೆವಿಟ್ ಅವನ್ನು 'ಫ್ಯಾಮಿಲಿ' ಅನ್ನುತ್ತದೆ) ತಯಾರಿಸುವ ಫ್ಯಾಮಿಲಿ ಎಡಿಟರ್ ತೆರೆದು 'ಫ್ಯಾಮಿಲಿ ಕೆಟಗರಿ ಅಂಡ್ ಪ್ಯಾರಾಮೀಟರ್ಸ್' ಒತ್ತಿದರೆ ಕೆಳಗಡೆ 'ಶೇರ್ಡ್' ಅಂತ ಒಂದು ಟಿಕ್ ಹಾಕುವ ಜಾಗವಿದೆಯಲ್ಲ, ಅದು.

ಮೈಸೂರಿನಲ್ಲಿ ನಮ್ಮದು ಮೂರು ಜನರ ಆಫೀಸು. ರೆವಿಟ್ ಇರುವುದು ನನ್ನ ಮೇಜಿನ ಮೇಲೆ ಮಾತ್ರ. ಉಳಿದಿಬ್ಬರು ಇನ್ನೂ ಗೆರೆ ಎಳೆಯುವ ನಕ್ಷೆಯಲ್ಲೇ ಸುಖವಾಗಿದ್ದಾರೆ. 2016ರಿಂದೀಚೆಗೆ ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಸಿಗುವುದಿಲ್ಲ, ಚಂದಾ ಕಟ್ಟುತ್ತಲೇ ಇರಬೇಕು. ಚಂದಾ ತಿಂಗಳು ಬಂತೆಂದರೆ ನಮ್ಮ ಮಧ್ಯಾಹ್ನದ ಊಟ ಹೋಟೆಲಿನಿಂದ ಡಬ್ಬಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ವರ್ಷ ಅದೇ ಪ್ರಶ್ನೆ: ಈ ದುಡ್ಡು ಎಲ್ಲಿ ವಾಪಸ್ ಬರುತ್ತಿದೆ? ಮಾಲೀಕರಿಗೆ ತೋರಿಸುವ ಬಣ್ಣದ ಚಿತ್ರಗಳನ್ನು ಹೊರಗೆ ಯಾರ ಹತ್ತಿರವಾದರೂ ಮಾಡಿಸಬಹುದು. ನನಗೆ ವಾಪಸ್ ಬರುವುದು ಎಣಿಕೆಯಲ್ಲಿ.

ಒಂದು ಬಾಗಿಲು ಅಂದುಕೊಳ್ಳಿ. ರೆವಿಟ್ ಭಾಷೆಯಲ್ಲಿ ಅದೊಂದು ಫ್ಯಾಮಿಲಿ. ಅದರ ಹೊಟ್ಟೆಯೊಳಗೆ ಹಿಂಜು, ಹ್ಯಾಂಡಲ್, ಟವರ್ ಬೋಲ್ಟ್, ಸ್ಟಾಪರ್ ಎಲ್ಲವನ್ನೂ ಬೇರೆ ಬೇರೆ ಪುಟ್ಟ ಫ್ಯಾಮಿಲಿಗಳಾಗಿ ಮಾಡಿ ಕೂರಿಸಿದ್ದೇನೆ. ಸುಮ್ಮನೆ ಕೂರಿಸಿದರೆ ಇಡೀ ಬಾಗಿಲು ಒಂದೇ ಮುದ್ದೆ. ಶೆಡ್ಯೂಲಿನಲ್ಲಿ, ಅಂದರೆ ಮಾಡೆಲಿನಲ್ಲಿರುವುದನ್ನು ರೆವಿಟ್ ಎಣಿಸಿ ಕೊಡುವ ಪಟ್ಟಿಯಲ್ಲಿ, ಬಾಗಿಲು ಕಾಣುತ್ತದೆ, ಹಿಂಜಿನ ಹೆಸರೇ ಇರುವುದಿಲ್ಲ. ಹಿಂಜಿನ ಫ್ಯಾಮಿಲಿ ತೆರೆದು ಆ 'ಶೇರ್ಡ್' ಚೌಕಕ್ಕೆ ಟಿಕ್ ಹಾಕಿ ಮತ್ತೆ ಒಳಗೆ ಸೇರಿಸಿದಿರೋ, ಹಾಗೆ ಟಿಕ್ ಬಿದ್ದವರೆಲ್ಲ ಹೊಸ್ತಿಲಾಚೆ ಬಂದು ಸಾಲಾಗಿ ನಿಲ್ಲುತ್ತಾರೆ. ಒಂದೊಂದನ್ನೂ ಬೇರೆಯಾಗಿ ಆರಿಸಬಹುದು, ಟ್ಯಾಗ್ ಹಚ್ಚಬಹುದು, ಎಣಿಸಬಹುದು.

ಮೊದಲ ಸಲ ಇದನ್ನು ಮಾಡಿದ್ದು 24 ಮನೆಗಳ ಒಂದು ಅಪಾರ್ಟ್‌ಮೆಂಟಿಗೆ. ಮನೆಗೆ ಆರು ಬಾಗಿಲು: ಮುಂಬಾಗಿಲು ಒಂದು, ಮಲಗುವ ಕೋಣೆಗೆ ಎರಡು, ಬಚ್ಚಲಮನೆಗೆ ಎರಡು, ಯುಟಿಲಿಟಿಗೆ ಒಂದು. ಒಟ್ಟು 144. ಮುಂಬಾಗಿಲಿಗೆ ನಾಲ್ಕು ಹಿಂಜು, ಉಳಿದವಕ್ಕೆ ಮೂರು. ಟಿಕ್ ಹಾಕಿ, ಶೆಡ್ಯೂಲ್ ತೆರೆದು ನೋಡುತ್ತೇನೆ, 600 ಬಾಗಿಲು! ಅರಮನೆಗೂ ಇಷ್ಟು ಬೇಕೋ ಇಲ್ಲವೋ. ತಪ್ಪು ನನ್ನದೇ. ಹಿಂಜಿನ ಫ್ಯಾಮಿಲಿಯನ್ನು ಬಾಗಿಲಿನ ಟೆಂಪ್ಲೇಟಿನಿಂದಲೇ ಶುರುಮಾಡಿದ್ದರಿಂದ ಅದರ ಕೆಟಗರಿಯೂ 'ಡೋರ್ಸ್' ಆಗಿಯೇ ಉಳಿದಿತ್ತು. 144 ಬಾಗಿಲಿನ ಜೊತೆ 456 ಹಿಂಜುಗಳೂ ಬಾಗಿಲ ವೇಷ ಹಾಕಿಕೊಂಡು ಪಟ್ಟಿಗೆ ಬಂದಿದ್ದವು. ಕೆಟಗರಿಯನ್ನು 'ಸ್ಪೆಷಾಲಿಟಿ ಇಕ್ವಿಪ್‌ಮೆಂಟ್' ಅಂತ ಬದಲಾಯಿಸಿದೆ, ಸರಿಹೋಯಿತು. ಅವತ್ತು ನಕ್ಕು ಬಿಟ್ಟೆ.

ಅಲ್ಲಿಂದ ಶುರುವಾದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದು, ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ, ಮೊದಲು ತೆರೆಯುವುದು ನಕ್ಷೆಯಲ್ಲ, ಹಾರ್ಡ್‌ವೇರ್ ಶೆಡ್ಯೂಲು. 'ಐಟಮೈಜ್ ಎವೆರಿ ಇನ್ಸ್‌ಟೆನ್ಸ್' ಟಿಕ್ ತೆಗೆದರೆ ನೂರಾರು ಸಾಲು ಮಡಚಿಕೊಂಡು ಆರೇಳು ಸಾಲಾಗುತ್ತದೆ. ಹಿಂಜು ಇಷ್ಟು, ಬೋಲ್ಟು ಇಷ್ಟು. ಟಿಕ್ ಹಾಕಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಯಾವುದೋ ಒಂದು ಸಾಲಿನ ಮೇಲೆ ಅನುಮಾನ ಬಂದರೆ ಅಲ್ಲೇ ಕ್ಲಿಕ್ ಮಾಡಿ 'ಹೈಲೈಟ್ ಇನ್ ಮಾಡೆಲ್' ಒತ್ತುತ್ತೇನೆ. ಕಟ್ಟಡದ ಯಾವುದೋ ಮೂಲೆಯ ಬಾಗಿಲಿನ ಮೇಲಿನ ಹಿಂಜು ನೀಲಿಯಾಗಿ ಹೊಳೆಯುತ್ತದೆ. ಮಾಡೆಲಿನಲ್ಲಿದ್ದಾಗ ಬಾಗಿಲ ಮೇಲೆ ಮೌಸ್ ಇಟ್ಟು ಟ್ಯಾಬ್ ಒತ್ತುತ್ತಾ ಹೋಗುವುದು ಇನ್ನೊಂದು ಚಟ: ಮೊದಲು ಬಾಗಿಲು, ಆಮೇಲೆ ಹ್ಯಾಂಡಲು, ಮತ್ತೊಮ್ಮೆ ಒತ್ತಿದರೆ ಬೋಲ್ಟು. ನನ್ನ ಕೀಬೋರ್ಡಿನಲ್ಲಿ ಅಕ್ಷರ ಅಳಿಸಿಹೋಗಿರುವುದು ಆ ಒಂದೇ ಕೀಲಿಗೆ.

ಪೆಟ್ಟು ಬಿದ್ದದ್ದು ಸ್ಟಾಪರಿನಲ್ಲಿ. ಒಂದೇ ಬಾಗಿಲ ಫ್ಯಾಮಿಲಿಯನ್ನು ಎಲ್ಲ ಕಡೆ ಬಳಸುವ ಆಸೆಯಿಂದ 'ಸ್ಟಾಪರ್ ಬೇಕೇ' ಅಂತ ಒಂದು ಹೌದು-ಇಲ್ಲ ಪ್ಯಾರಾಮೀಟರ್ (ಬೇಕಾದಂತೆ ಬದಲಾಯಿಸಬಹುದಾದ ಗುಣ) ಮಾಡಿ, ಅದನ್ನು ಒಳಗಿನ ಸ್ಟಾಪರಿನ 'ವಿಸಿಬಲ್' ಗುಣಕ್ಕೆ ಕಟ್ಟಿದ್ದೆ. ಮುಂಬಾಗಿಲಿಗೂ ಮಲಗುವ ಕೋಣೆಗೂ ಹೌದು. ಬಚ್ಚಲಮನೆಗೂ ಯುಟಿಲಿಟಿಗೂ ಇಲ್ಲ. ತೆರೆಯ ಮೇಲೆ ಸ್ಟಾಪರ್ ಮಾಯವಾಯಿತು, ನಾನೂ ನಿಶ್ಚಿಂತೆಯಾದೆ. ಶೆಡ್ಯೂಲು 144 ಅಂತ ಹೇಳಿತು. ಬಾಗಿಲೂ 144 ಇದ್ದದ್ದರಿಂದ ಆ ಸಂಖ್ಯೆ ನೋಡಿ ಕಣ್ಣಿಗೆ ಏನೂ ಚುಚ್ಚಲಿಲ್ಲ. ಪಟ್ಟಿಯನ್ನು ಹಾಗೇ ಅಂಗಡಿಗೆ ಕಳಿಸಿದೆ.

ಬಾಕ್ಸುಗಳು ಸೈಟಿಗೆ ಬಂದ ದಿನ ಮರಗೆಲಸದ ಆಚಾರ್ರು ಫೋನ್ ಮಾಡಿದರು. "ಏನ್ ಮೇಡಂ, ಬಚ್ಚಲಮನೆಗೂ ಸ್ಟಾಪರ್ ಕಳ್ಸಿದ್ದೀರಿ? ಬಾಗ್ಲು ತೆಗೆದಿಟ್ಕೊಂಡು ಯಾರ್ ಮೇಡಂ ಸ್ನಾನ ಮಾಡ್ತಾರೆ?"

72 ಸ್ಟಾಪರ್ ಹೆಚ್ಚಿಗೆ ಬಂದಿತ್ತು. ಒಂದಕ್ಕೆ 150 ರೂಪಾಯಿಯಂತೆ 10,800. ಅಂಗಡಿಯವರು ಬಾಕ್ಸ್ ಒಡೆಯದ 50 ವಾಪಸ್ ತೆಗೆದುಕೊಂಡರು, 22 ನಮ್ಮ ತಲೆಗೆ ಬಂತು.

ಅವತ್ತು ರಾತ್ರಿ ಕೂತು ಓದಿದ ಮೇಲೆ ಅರ್ಥವಾದದ್ದಿಷ್ಟು: 'ವಿಸಿಬಲ್' ತೆಗೆದರೆ ವಸ್ತು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅದು ಬಾಗಿಲೊಳಗೆ ಇದ್ದೇ ಇದೆ, ಶೇರ್ಡ್ ಆಗಿದ್ದರೆ ಶೆಡ್ಯೂಲಿಗೂ ಬರುತ್ತದೆ. ಹಳೇ ಕಾಲದ ಶಾನುಭೋಗರ ಹಾಗೆ. ಕಡತದಲ್ಲಿ ಹೆಸರಿದ್ದರೆ ಆಯಿತು, ಮನುಷ್ಯ ಊರಲ್ಲಿದ್ದಾನೋ ಇಲ್ಲವೋ ಅವರಿಗೆ ಬೇಕಿಲ್ಲ. ನಿಯಮ ನಿಯಮವೇ, ತಿಳಿಯದೆ ಹೋದದ್ದು ನಾನು. ಆದರೂ ಹೇಳಲೇಬೇಕು, ಪರದೆಯ ಮೇಲೆ ಇಲ್ಲದ ವಸ್ತು ಪಟ್ಟಿಯಲ್ಲಿರುತ್ತದೆ ಅನ್ನುವುದು ಕಟ್ಟಡದ ಕೆಲಸ ಮಾಡುವ ಯಾರ ಬುದ್ಧಿಗೂ ತಾನಾಗಿ ಹೊಳೆಯುವಂಥದ್ದಲ್ಲ.

ನಾನು ಹುಡುಕಿಕೊಂಡ ಮದ್ದು ಹೀಗಿದೆ. ಸ್ಟಾಪರಿನ ಫ್ಯಾಮಿಲಿಯೊಳಗೇ 'ಎಣಿಸು' ಅಂತ ಇನ್ನೊಂದು ಹೌದು-ಇಲ್ಲ ಪ್ಯಾರಾಮೀಟರ್, ಇನ್ಸ್‌ಟೆನ್ಸ್ ಆಗಿ, ಅಂದರೆ ಒಂದೊಂದು ತುಂಡಿಗೂ ಬೇರೆ ಉತ್ತರ ಇರಬಹುದಾದ ಹಾಗೆ. ಬಾಗಿಲಿನ ಅದೇ ಸ್ವಿಚ್ಚಿಗೆ ಅದನ್ನೂ ಕಟ್ಟುವುದು. ಶೆಡ್ಯೂಲಿನ ಫಿಲ್ಟರಿನಲ್ಲಿ 'ಎಣಿಸು' ಹೌದು ಇರುವವು ಮಾತ್ರ ಬರಲಿ ಅನ್ನುವುದು. ಈ ಪ್ಯಾರಾಮೀಟರ್ ಶೆಡ್ಯೂಲಿಗೆ ಬರಬೇಕಾದರೆ ಅದು ಶೇರ್ಡ್ ಪ್ಯಾರಾಮೀಟರ್ (ಬೇರೆ ಫೈಲಿನಲ್ಲಿ ಬರೆದಿಟ್ಟು ಹಲವು ಫ್ಯಾಮಿಲಿಗಳು ಹಂಚಿಕೊಳ್ಳುವಂಥದ್ದು) ಆಗಿರಬೇಕು. ಸಾಧಾರಣ ಫ್ಯಾಮಿಲಿ ಪ್ಯಾರಾಮೀಟರಿಗೆ ಶೆಡ್ಯೂಲಿನೊಳಗೆ ಪ್ರವೇಶವಿಲ್ಲ. ಹೌದು, ಇಲ್ಲೂ 'ಶೇರ್ಡ್'. ಶೇರ್ಡ್ ಫ್ಯಾಮಿಲಿ ಬೇರೆ, ಶೇರ್ಡ್ ಪ್ಯಾರಾಮೀಟರ್ ಬೇರೆ, ಸೈಟಿನ ಶೇರ್ಡ್ ಕೋಆರ್ಡಿನೇಟ್ಸ್ ಇನ್ನೂ ಬೇರೆ. ಒಂದೇ ಬೀದಿಯಲ್ಲಿ ಮೂವರು ಮಂಜುನಾಥ ಇದ್ದರೆ ಪೋಸ್ಟ್‌ಮ್ಯಾನ್ ಪಡುವ ಪಾಡು ಹೊಸದಾಗಿ ಕಲಿಯುವವರದ್ದು.

ಇನ್ನೊಂದು ಕೊರಗು ಇಂದಿಗೂ ಹೋಗಿಲ್ಲ. ಶೆಡ್ಯೂಲು ಹಿಂಜನ್ನು ಎಣಿಸುತ್ತದೆ, ಆದರೆ ಆ ಹಿಂಜು ಯಾವ ಬಾಗಿಲಿನದು ಅಂತ ಹೇಳುವುದಿಲ್ಲ. ಬಾಗಿಲಿನ 'ಮಾರ್ಕ್' ಸಂಖ್ಯೆ ಒಳಗಿನ ತುಂಡಿನ ಸಾಲಿಗೆ ತಾನಾಗಿ ಇಳಿಯುವುದಿಲ್ಲ. ಮನೆವಾರು ಚೀಲ ಕಟ್ಟಿ ಕಳಿಸಬೇಕಾದಾಗ ಇದೇ ಮುಖ್ಯ. ಹೊರಗಿನ ಬಾಗಿಲಿಗೆ ಒಂದು ಪಠ್ಯದ ಪ್ಯಾರಾಮೀಟರ್ ಕೊಟ್ಟು, ಅದನ್ನು ಒಳಗಿನ ಪ್ರತಿ ತುಂಡಿಗೂ ಕಟ್ಟಿ, ಬಾಗಿಲ ನಂಬರನ್ನು ಕೈಯಲ್ಲೇ ಟೈಪ್ ಮಾಡುತ್ತಿದ್ದೆ. ಕಳೆದ ವರ್ಷ ಇಂಟರ್ನ್‌ಷಿಪ್ಪಿಗೆ ಬಂದ ಹುಡುಗಿ, ರೆವಿಟ್ ಕೈಯಲ್ಲಿ ಇಂಥ ಕೆಲಸಗಳನ್ನು ತಾನಾಗಿ ಮಾಡಿಸುವ ಡೈನಮೋದಲ್ಲಿ ಪುಟ್ಟದೊಂದು ಸ್ಕ್ರಿಪ್ಟ್ ಬರೆದು ಕೊಟ್ಟಳು. ಪ್ರತಿ ತುಂಡಿಗೂ ಅದರ ಯಜಮಾನ ಯಾರೆಂದು ಕೇಳಿ, ನಂಬರ್ ತುಂಬಿಸುತ್ತದೆ. ಡೈನಮೋ ರೆವಿಟ್ ಜೊತೆಗೇ ಬರುವುದರಿಂದ ಬೇರೆ ದುಡ್ಡು ಕೊಡಬೇಕಾಗಿಲ್ಲ. ಅವಳು ಹೋದ ಮೇಲೆ ಆ ಸ್ಕ್ರಿಪ್ಟನ್ನು ಮುಟ್ಟಲು ನನಗೆ ಧೈರ್ಯವಿಲ್ಲ.

ಅಡುಗೆಮನೆಗೆ ಅಸೆಂಬ್ಲಿ ಬಳಸಿದೆ. ಕ್ಯಾಬಿನೆಟ್ಟುಗಳನ್ನೆಲ್ಲ ಆರಿಸಿ ಒಂದು ಅಸೆಂಬ್ಲಿ ಮಾಡಿದರೆ ಅದಕ್ಕೇ ಆದ ಪ್ಲಾನು, ಸೆಕ್ಷನ್ನು, ಬಿಡಿಭಾಗಗಳ ಪಟ್ಟಿ, ಶೀಟು ಸಿಗುತ್ತವೆ. ಅಸೆಂಬ್ಲಿಯೊಳಗೆ ಅಸೆಂಬ್ಲಿ ಇಡಲು ಬಿಡುವುದಿಲ್ಲ. ಹಾಗಾಗಿ ಡ್ರಾಯರು, ಅದರ ಚಾನೆಲ್ಲುಗಳನ್ನು ಒಳಗಿನ ಶೇರ್ಡ್ ಫ್ಯಾಮಿಲಿಗಳಾಗಿಯೇ ಇಡಬೇಕು. ಒಂದು ಅನಿರೀಕ್ಷಿತ ಖುಷಿ ಸಿಕ್ಕಿದ್ದು ಇಲ್ಲೇ. ತದ್ರೂಪಿ ಅಸೆಂಬ್ಲಿಗಳನ್ನು ರೆವಿಟ್ ತಾನೇ ಗುರುತಿಸಿ ಒಂದೇ ವಿಧದ ಹೆಸರು ಕೊಡುತ್ತದೆ, ಚೂರು ವ್ಯತ್ಯಾಸ ಕಂಡರೆ ಬೇರೆ ವಿಧವೆಂದು ಬರೆದುಕೊಳ್ಳುತ್ತದೆ. ಒಂದೇ ಥರ ಇರಬೇಕಾಗಿದ್ದ ಅಡುಗೆಮನೆಗಳಲ್ಲಿ ಒಂದು ಮಾತ್ರ ಬೇರೆ ಹೆಸರು ಹೊತ್ತು ನಿಂತಿತ್ತು. ಹೋಗಿ ನೋಡಿದರೆ ಸಿಂಕ್ ಪಕ್ಕದ ಕ್ಯಾಬಿನೆಟ್ಟನ್ನು ನಾನೇ ಯಾವಾಗಲೋ ಅಳಿಸಿಬಿಟ್ಟಿದ್ದೆ.

ಮುನಿಸು ಪೂರ್ತಿ ಇಳಿದದ್ದು ಮರದ ಲೆಕ್ಕದಲ್ಲಿ. ಬಾಗಿಲ ಚೌಕಟ್ಟನ್ನೂ ಶೇರ್ಡ್ ಮಾಡಲು ಹೊರಟಾಗ ಮೊದಲು ಒಂದು ಸಂಜೆ ಹಾಳಾಯಿತು. ಶೇರ್ಡ್ ಆದ ಒಳಫ್ಯಾಮಿಲಿಯ ಟೈಪ್ ಪ್ಯಾರಾಮೀಟರನ್ನು (ಒಂದೇ ವಿಧದ ಎಲ್ಲ ತುಂಡುಗಳಿಗೂ ಒಂದೇ ಆಗಿರುವ ಗುಣವನ್ನು) ಹೊರಗಿನ ಬಾಗಿಲಿಗೆ ಕಟ್ಟಲು ಬರುವುದಿಲ್ಲ. ಉದ್ದವನ್ನೆಲ್ಲ ಇನ್ಸ್‌ಟೆನ್ಸ್ ಮಾಡಿಕೊಳ್ಳಬೇಕು. ಮಾಡಿದ ಮೇಲೆ ನೋಡಿ: ಮಲಗುವ ಕೋಣೆಯ ಬಾಗಿಲಿಗೆ ಏಳು ಅಡಿಯ ಎರಡು ನಿಲುವು, ಮೂರು ಅಡಿಯ ಒಂದು ಅಡ್ಡ, ಒಟ್ಟು 17 ಅಡಿ. 5 ಇಂಚು, 3 ಇಂಚಿನ ಹೊನ್ನೆ. ಶೆಡ್ಯೂಲಿನಲ್ಲಿ ಒಂದು ಕ್ಯಾಲ್ಕ್ಯುಲೇಟೆಡ್ ವ್ಯಾಲ್ಯೂ (ಸೂತ್ರ ಹಾಕಿದ ಕಾಲಂ) ಸೇರಿಸಿದರೆ ಬಾಗಿಲಿಗೆ 1.77 ಸಿಎಫ್‌ಟಿ (ಘನ ಅಡಿ), 48 ಬಾಗಿಲಿಗೆ 85. ಸಾಮಿಲ್ಲಿನವರು ಮಾತಾಡುವುದೇ ಸಿಎಫ್‌ಟಿ ಲೆಕ್ಕದಲ್ಲಿ. ವೇಸ್ಟೇಜು ಸೇರಿಸಿ ಆಚಾರ್ರಿಗೆ ಸಂಖ್ಯೆ ಹೇಳಿದೆ. ಅವರು ಬೀಡಿ ಪೊಟ್ಟಣದ ಹಿಂದೆ ತಮ್ಮ ಲೆಕ್ಕ ಬರೆದು ನೋಡಿ, ಏನೂ ಹೇಳದೆ ಪೊಟ್ಟಣ ಜೇಬಿಗಿಟ್ಟರು. ಇಪ್ಪತ್ತು ವರ್ಷದಿಂದ ಅವರ ಪರಿಚಯ ನನಗೆ. ಹಾಗೆ ಸುಮ್ಮನಾದರೆ ಲೆಕ್ಕ ತಾಳೆಯಾಗಿದೆ ಅಂತ.

ಕೊಳ್ಳಬೇಕೇ ಅಂತ ಕೇಳುವವರಿಗೆ: ವರ್ಷಕ್ಕೆ ಒಂದೆರಡು ಮನೆ ಮಾಡುವವರಾದರೆ ಈ ಒಂದು ಕಾರಣಕ್ಕೆ ಬೇಡ, ಕೈಲೆಕ್ಕವೇ ಅಗ್ಗ. ಒಂದೇ ಬಾಗಿಲು ನೂರು ಸಲ ಬರುವ ಕೆಲಸವಿದ್ದರೆ ಬೇಕು. ಫ್ಯಾಮಿಲಿ ಬದಲಾಯಿಸಿ ಮತ್ತೆ ಲೋಡ್ ಮಾಡುವಾಗ, ಒಳಗಿನ ತುಂಡು ಈಗಾಗಲೇ ಪ್ರಾಜೆಕ್ಟಿನಲ್ಲಿದೆ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಒಂದು ಪ್ರಶ್ನೆ ಕೇಳುತ್ತದೆ. ಅದನ್ನು ಓದದೆ ಓಕೆ ಒತ್ತಬೇಡಿ.

ಹೊಸ ಕೆಲಸ ಹಿನಕಲ್ ಕಡೆ ಶುರುವಾಗಿದೆ. ಹಾರ್ಡ್‌ವೇರ್ ಪಟ್ಟಿ ಸಿದ್ಧವಿದೆ ಅಂತ ನಿನ್ನೆ ಆಚಾರ್ರಿಗೆ ಫೋನ್ ಮಾಡಿದೆ. "ಕಳ್ಸಿ ಮೇಡಂ, ಕಳ್ಸಿ. ಹಿಂಜಸ್ಸು, ಬೋಲ್ಟು ಎಲ್ಲಾ ನಿಮ್ ಲೆಕ್ಕನೇ ಇರ್ಲಿ. ಸ್ಟಾಪರ್ ಮಾತ್ರ ನಾನೇ ಎಣಿಸ್ಕೋತೀನಿ."